ಕಷ್ಟಕಾಲದಲ್ಲಿ ದೇವಸ್ತುತಿ



ಧಾರವಾಡದಲ್ಲಿ ನಾವು ಮೂವತ್ತು ವರ್ಷ ವಾಸವಾಗಿದ್ದ ಓಣಿಯಲ್ಲಿ ನಮ್ಮ ಮನೆಯ ಎಡಬದಿಗೆ ಒಬ್ಬ ಕ್ರೈಸ್ತ ಹೆಣ್ಣುಮಗಳ ಮನೆಯಿತ್ತು. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ನರ್ಸಬಾಯಿಯವರೆಂದೇ ಕರೆಯುತ್ತಿದ್ದರು. ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ, ನಮ್ಮ ಮನೆಗಳಲ್ಲಿ ಪೂಜೆಗೆ ಅಣಿಮಾಡುತ್ತಿರುವಾಗ, ಅವರ ಪಡಸಾಲೆಯಿಂದ ಒಂದು ಹಾಡು ಕೇಳಿಬರುತ್ತಿತ್ತು. ಕಂಠ ಅಷ್ಟೇನೂ ಇಂಪಾದುದಲ್ಲ. ರಾಗವೂ ನಮ್ಮ ಕಿವಿಗೆ ಒಗ್ಗಿದುದಲ್ಲ; ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಗಂಭೀರವಾದ ಪರದೇಶದ ರಾಗ. ಶಬ್ದಗಳು ಮಾತ್ರ ಕನ್ನಡದವು. ದೇವರನ್ನು ಕೊಂಡಾಡುವ ಹಾಡದು ಎಂಬಷ್ಟು ತಿಳಿಯುತ್ತಿತ್ತು.

೧೯೯೮ರ ಮಳೆಗಾಲದಲ್ಲಿ ಅವರ ಒಬ್ಬನೇ ಮಗ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಮಧ್ಯಾಹ್ನದ ಹೊತ್ತಿಗೆ ಮಣ್ಣಾಯಿತು. ಓಣಿಯ ಜನರೆಲ್ಲ ಹೋಗಿ ಬಂದೆವು. ಅಂದು ಸಂಜೆ ಆ ಮನೆಯಿಂದ ಅಳುವಿನ ಹೊರತು ಬೇರೆ ದನಿ ಕೇಳಲಾರದೆಂದು ನಾನು ತಿಳಿದಿದ್ದೆನು. ದೀಪದ ಹೊತ್ತಾಯಿತು, ಅದೇ ಹಾಡು ಕೇಳಿತು. ನಡುವೆ ಎರಡು ಸಲ ತುಂಡಾಯಿತು, ಮತ್ತೆ ಮುಂದುವರಿಯಿತು, ಕೊನೆಯವರೆಗೂ ನಡೆದು ನಿಂತಿತು.

ನನಗೆ ಆಗ ಬಂದುದು ಕನಿಕರವಲ್ಲ, ಸಿಟ್ಟು. ಮಗನ ಮೇಲಿನ ಮಣ್ಣು ಇನ್ನೂ ಆರಿಲ್ಲ, ಈಕೆಗೆ ಹಾಡು ಹೇಗೆ ಬಂದೀತು ಎಂದುಕೊಂಡೆನು. ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ದಿನ ಕಟ್ಟೆಯ ಮೇಲೆ ಕುಳಿತಿದ್ದಾಗ ತಡೆಯಲಾರದೆ ಕೇಳಿಯೂಬಿಟ್ಟೆನು: "ಅವತ್ತು ಹೆಂಗ ಹಾಡಿದ್ರಿ ಬಾಯಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಾಡೋ ಮನಸ್ಸು ಇರಲಿಲ್ಲ ಮಾಸ್ತರ್ರ. ಹೊತ್ತಾತು, ಹಾಡಿದೆ."

ಈ ಮಾತು ನನ್ನ ಕಿವಿಯಲ್ಲಿ ಬಹುಕಾಲ ಉಳಿಯಿತು. ದೇವಸ್ತುತಿಯೆಂಬುದು ಹೃದಯ ತುಂಬಿಬಂದಾಗ ತಾನಾಗಿ ಉಕ್ಕುವ ಮಾತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮನಸ್ಸಿಲ್ಲದೆ ಆಡಿದ ಹೊಗಳಿಕೆ ಮುಖಸ್ತುತಿ. ಮನುಷ್ಯರ ನಡುವೆಯೇ ಅದು ಹೇಯವಾದುದು, ದೇವರ ಮುಂದೆ ಇನ್ನೆಷ್ಟು ಹೇಯ! ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ ಅದೇ ದಿನ ದೇವರನ್ನು ಕೊಂಡಾಡಿದಳೆಂದರೆ, ಒಂದೋ ಆಕೆಯ ದುಃಖ ಸುಳ್ಳಾಗಿರಬೇಕು, ಇಲ್ಲವೇ ಆಕೆಯ ಹಾಡು ಸುಳ್ಳಾಗಿರಬೇಕು. ಎರಡೂ ನಿಜವಾಗಿರಲು ಸಾಧ್ಯವೇ? ಈ ಪ್ರಶ್ನೆಯ ಬೆನ್ನು ಹತ್ತಿ ಕ್ರೈಸ್ತರ ಗ್ರಂಥಗಳನ್ನೂ ಅವರ ಇತಿಹಾಸವನ್ನೂ ನನ್ನ ಅಲ್ಪಮತಿಗೆ ನಿಲುಕಿದಷ್ಟು ಓದಿದೆನು. ಓದಿದುದರಲ್ಲಿ ಕೆಲವನ್ನು ತಮ್ಮ ಮುಂದಿಡುತ್ತೇನೆ. ಅನ್ಯಮತದ ವಿಚಾರ ನಮಗೇಕೆಂದು ಕೇಳುವವರು ಈ ಮಾಸಪತ್ರಿಕೆಯ ವಾಚಕರಲ್ಲಿ ಇರಲಾರರೆಂದು ನಂಬಿದ್ದೇನೆ.

ಮೊದಲು ಈ ಅಭ್ಯಾಸದ ಬೇರನ್ನು ನೋಡೋಣ. ಕ್ರಿಸ್ತಶಕ ೧೧೨ರ ಸುಮಾರಿಗೆ ಏಷ್ಯಾ ಮೈನರಿನ ಬಿಥೀನಿಯ ಪ್ರಾಂತದಲ್ಲಿ ರೋಮನ್ ಅಧಿಕಾರಿಯಾಗಿದ್ದ ಪ್ಲಿನಿ ಎಂಬವನು ತನ್ನ ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದನು. ಕ್ರೈಸ್ತರೆಂಬ ಹೊಸ ಪಂಥದವರನ್ನು ಹಿಡಿದು ವಿಚಾರಿಸಿದಾಗ ಅವರು ಒಪ್ಪಿಕೊಂಡ ಅಪರಾಧವೆಂದರೆ, ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡಿ ಹೊಗಳುವುದು, ಕಳವು ವಂಚನೆ ಮಾಡೆವೆಂದು ಆಣೆಯಿಡುವುದು ಮುಂತಾದುದು ಎಂದು ಆ ಪತ್ರದಲ್ಲಿದೆ. ತಮ್ಮ ನಂಬಿಕೆಯನ್ನು ಬಿಡದವರನ್ನು ಆತ ಕೊಲ್ಲಿಸಿದುದೂ ಅದೇ ಪತ್ರದಿಂದ ತಿಳಿಯುತ್ತದೆ. ಎಂದಮೇಲೆ ಈ ಹಾಡು ಹುಟ್ಟಿದ್ದೇ ಕಷ್ಟಕಾಲದಲ್ಲಿ. ಸುಖದಲ್ಲಿ ಹುಟ್ಟಿ ಕಷ್ಟಕ್ಕೆ ಬಂದುದಲ್ಲ.

ಮುಂದೆ ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಸಂನ್ಯಾಸಿಗಳಿಗಾಗಿ ಬರೆದ ನಿಯಮಗ್ರಂಥದಲ್ಲಿ ಹಗಲು ಏಳು ಸಲ, ಇರುಳು ಒಂದು ಸಲ ಸ್ತುತಿಗೆ ಕೂಡಬೇಕೆಂದು ವಿಧಿಸಿದನು. ಬೈಬಲಿನ ೧೫೦ ಕೀರ್ತನೆಗಳೂ ಒಂದು ವಾರದೊಳಗೆ ಹಾಡಿ ಮುಗಿಯಬೇಕು. ಮುಂದಿನ ವಾರ ಮತ್ತೆ ಮೊದಲಿನಿಂದ. ಬೆಳಗಿನ ಆರಾಧನೆಗೆ ಲ್ಯಾಟಿನಿನಲ್ಲಿ ಇರುವ ಹೆಸರಿಗೆ ಸ್ತುತಿಗಳೆಂದೇ ಅರ್ಥ. ಗಂಟೆ ಬಾರಿಸಿತೆಂದರೆ ಕೈಯಲ್ಲಿದ್ದ ಕೆಲಸವನ್ನು ಇದ್ದಂತೆಯೇ ಬಿಟ್ಟು ಎದ್ದು ಹೋಗಬೇಕು. (ನಮ್ಮ ಪ್ರಸಾದನಿಲಯದ ಬೆಳಗಿನ ಗಂಟೆ ಕೆಲವರಿಗೆ ನೆನಪಾದರೆ ಆಶ್ಚರ್ಯವಿಲ್ಲ. ಆ ಗಂಟೆಯನ್ನು ಅಂದು ಪ್ರೀತಿಸಿದವರು ನಮ್ಮಲ್ಲಿ ಎಷ್ಟು ಮಂದಿ?) ೧೯೭೧ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆ ಈ ಪಾಠವನ್ನು ಪರಿಷ್ಕರಿಸಿ ಕೀರ್ತನೆಗಳನ್ನು ನಾಲ್ಕು ವಾರಗಳಿಗೆ ಹಂಚಿತು.

ಇಂಗ್ಲೆಂಡಿನ ಸಭೆ ಇದನ್ನೇ ಗೃಹಸ್ಥರಿಗೆ ಅನುಕೂಲವಾಗುವಂತೆ ಸರಳಗೊಳಿಸಿತು. ಅವರ ೧೬೬೨ರ ಪ್ರಾರ್ಥನಾಗ್ರಂಥದಲ್ಲಿ ಕೀರ್ತನೆಗಳನ್ನು ತಿಂಗಳ ಮೂವತ್ತು ದಿನಗಳಿಗೆ, ಬೆಳಿಗ್ಗೆ ಇಷ್ಟು ಸಂಜೆ ಇಷ್ಟು ಎಂದು ಪಾಲುಮಾಡಿದೆ. ಈ ಹಂಚಿಕೆಯಲ್ಲಿ ನನಗೆ ಬಹಳ ಅರ್ಥವಿದೆಯೆಂದು ತೋರಿತು. ಹದಿನೇಳನೆಯ ತಾರೀಖು ಬೆಳಿಗ್ಗೆ ಓದಬೇಕಾದವುಗಳಲ್ಲಿ ೮೮ನೆಯ ಕೀರ್ತನೆ ಸೇರಿದೆ. ಇಡೀ ಕೀರ್ತನೆಗಳಲ್ಲಿ ಅದರಷ್ಟು ಕತ್ತಲೆಯ ಕೀರ್ತನೆ ಇನ್ನೊಂದಿಲ್ಲ. ಮೊರೆಯಿಂದ ಮೊದಲಾಗಿ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಮೂವತ್ತನೆಯ ತಾರೀಖು ಸಂಜೆಗೆ ೧೪೭ರಿಂದ ೧೫೦ರವರೆಗಿನ ಕೀರ್ತನೆಗಳು. ಅವು ಆದ್ಯಂತ ಸ್ತುತಿ. ಕಡೆಯದರಲ್ಲಂತೂ ತುತ್ತೂರಿ, ವೀಣೆ, ತಾಳ ಎಲ್ಲವೂ ಮೊಳಗುತ್ತವೆ. ಈಗ ಯೋಚಿಸಿರಿ: ಹದಿನೇಳರಂದು ಮದುವೆಯಾದವನು ಹಸೆಯೇರುವ ಮುನ್ನ ಆ ಕತ್ತಲೆಯ ಕೀರ್ತನೆಯನ್ನು ಓದಬೇಕು. ಮೂವತ್ತರಂದು ಮಗುವನ್ನು ಕಳೆದುಕೊಂಡವನು ಆ ಸಂಜೆಯೇ ತುತ್ತೂರಿಯ ಕೀರ್ತನೆಯನ್ನು ಓದಬೇಕು. ನಿನ್ನ ಮನಸ್ಸು ಇಂದು ಹೇಗಿದೆಯೆಂದು ಆ ಗ್ರಂಥ ಯಾರನ್ನೂ ಕೇಳುವುದಿಲ್ಲ. ನರ್ಸಬಾಯಿಯವರ "ಹೊತ್ತಾತು" ಎಂಬ ಮಾತಿನ ಹಿಂದೆ ಇಷ್ಟು ಉದ್ದದ ಪರಂಪರೆಯಿದೆ.

ಇದು ನಿರ್ದಯವಾದ ಕಟ್ಟಳೆಯಾಗಿ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಆ ಕೀರ್ತನೆಗಳನ್ನೇ ತೆರೆದು ನೋಡಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿದ್ದಿತು. ಹೀಬ್ರೂ ಭಾಷೆಯಲ್ಲಿ ಆ ಸಂಗ್ರಹಕ್ಕೆ ‘ತೆಹಿಲ್ಲೀಮ್’ ಎಂದು ಹೆಸರು, ಸ್ತುತಿಗಳು ಎಂದರ್ಥ. ಹೆಸರನ್ನು ನಂಬಿ ಒಳಹೊಕ್ಕವನಿಗೆ ಕಾಣುವುದೇನು? ಯಾವ ಬಗೆಯ ಕೀರ್ತನೆಗಳು ಹೆಚ್ಚೆಂದು ವಿದ್ವಾಂಸರು ಎಣಿಸಿ ನೋಡಿದಾಗ ಗೋಳಿನವೇ ಎಲ್ಲಕ್ಕಿಂತ ಹೆಚ್ಚಾಗಿವೆ. ರೋಗಿಯ ನರಳಿಕೆ, ಸೆರೆಸಿಕ್ಕವನ ಕೂಗು, ಗೆಳೆಯನಿಂದ ವಂಚಿತನಾದವನ ಸಂಕಟ, ಊರು ಸುಟ್ಟುಹೋದವರ ಅಳಲು, ದೇವರು ನಿದ್ದೆಹೋದನೇ ಎಂಬ ದೂರು. ಈ ದೂರುಗಳನ್ನೆಲ್ಲ ಒಟ್ಟುಗೂಡಿಸಿದ ಹಿರಿಯರು ಆ ಕಟ್ಟಿಗೆ ಸ್ತುತಿಗಳೆಂದು ಹೆಸರಿಟ್ಟರು. ಅವರಿಗೆ ಶಬ್ದಗಳ ಅರ್ಥ ತಿಳಿದಿರಲಿಲ್ಲವೆನ್ನುವಂತಿಲ್ಲ. ದೇವರ ಕಡೆಗೆ ಮುಖಮಾಡಿ ಆಡಿದ ಮಾತು, ಅದು ದೂರೇ ಆಗಿರಲಿ, ಸ್ತುತಿಯ ಕುಲಕ್ಕೇ ಸೇರಿದುದೆಂಬುದು ಅವರ ಎಣಿಕೆಯಾಗಿರಬೇಕು. ಮುಖ ತಿರುಗಿಸಿ ಹೋದವನು ದೂರುವುದೂ ಇಲ್ಲವಷ್ಟೆ.

ಶಿಲುಬೆಯ ಮೇಲೆ ಸಾಯುವ ಹೊತ್ತಿನಲ್ಲಿ ಯೇಸು ಕೂಗಿದ ಮಾತು ೨೨ನೆಯ ಕೀರ್ತನೆಯ ಆರಂಭ. ದೇವರು ತನ್ನನ್ನು ಕೈಬಿಟ್ಟನೇಕೆಂಬ ಪ್ರಶ್ನೆ ಅದು. ಆ ಕೀರ್ತನೆ ಹಾಗೆ ತೊಡಗಿ ಸ್ತುತಿಯಲ್ಲಿ ಮುಗಿಯುತ್ತದೆ. ಶಿಲುಬೆಯ ಮೇಲಿದ್ದವನು ಕೊನೆಯವರೆಗೆ ಹೇಳಿಕೊಂಡನೋ ಇಲ್ಲವೋ, ಸುವಾರ್ತೆಗಳು ಆ ಮೊದಲ ಸಾಲನ್ನಷ್ಟೇ ದಾಖಲಿಸಿವೆ. ಬಾಲ್ಯದಿಂದ ಬಾಯಿಪಾಠವಾಗಿದ್ದುದೇ ಆ ಗಳಿಗೆಯಲ್ಲಿ ನಾಲಗೆಗೆ ಬಂದಿತೆಂಬುದಂತೂ ಸ್ಪಷ್ಟ.

ಯೋಬನ ಕಥೆಯನ್ನು ತಾವು ಕೇಳಿರಬಹುದು. ಏಳು ಮಂದಿ ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಒಂದೇ ದಿನ ಸತ್ತ ಸುದ್ದಿ ಕೇಳಿ ಅವನು ಬಟ್ಟೆ ಹರಿದುಕೊಂಡು, ತಲೆ ಬೋಳಿಸಿಕೊಂಡು, ನೆಲಕ್ಕೆ ಬಿದ್ದು ದೇವರ ನಾಮವನ್ನು ಕೊಂಡಾಡಿದನು. ಪ್ರವಚನಕಾರರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುವರು, ನಿಲ್ಲಿಸುವುದು ಅನ್ಯಾಯ. ಏಕೆಂದರೆ ಮೂರನೆಯ ಅಧ್ಯಾಯದಲ್ಲಿ ಅದೇ ಯೋಬನು ಬಾಯಿ ತೆರೆದು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ಅಧ್ಯಾಯಗಳಲ್ಲಿ ಅವನ ವಾದವೂ ಗೆಳೆಯರ ಉಪದೇಶವೂ ನಡೆಯುತ್ತದೆ. ಗೆಳೆಯರ ಮಾತೆಲ್ಲ ದೇವರ ಪರವಾಗಿದೆ: ದೇವರು ನ್ಯಾಯವಂತನು, ನೀನು ಪಾಪಮಾಡಿರಬೇಕು, ತಗ್ಗಿ ನಡೆ. ಕಟ್ಟಕಡೆಯಲ್ಲಿ ದೇವರು ತೀರ್ಪು ಕೊಡುತ್ತಾನೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನು, ತನ್ನ ಪರವಾಗಿ ವಾದಿಸಿದ ಗೆಳೆಯರಲ್ಲ ಎಂಬುದೇ ಆ ತೀರ್ಪು! ಮೊದಲ ದಿನದ ಸ್ತುತಿ, ಅನಂತರದ ಶಾಪ ಎರಡೂ ಒಂದೇ ಬಾಯಿಂದ ಬಂದವು. ಗ್ರಂಥ ಎರಡನ್ನೂ ಅಳಿಸದೆ ಇಟ್ಟುಕೊಂಡಿದೆ. ಒಂದೋ ದುಃಖ ಸುಳ್ಳು, ಇಲ್ಲವೇ ಹಾಡು ಸುಳ್ಳು ಎಂಬ ನನ್ನ ತರ್ಕ ಇಲ್ಲಿ ಮೊದಲ ಪೆಟ್ಟು ತಿಂದಿತು.

ಇನ್ನು ನಾನು ಹೇಳಲೇಬೇಕಾದುದು ಮಾರ್ಟಿನ್ ರಿಂಕಾರ್ಟನ ವೃತ್ತಾಂತ. ಜರ್ಮನಿಯ ಸಾಕ್ಸನಿ ಪ್ರಾಂತದಲ್ಲಿ ಲೈಪ್‌ಜಿಗ್ ನಗರಕ್ಕೆ ಸಮೀಪವಾಗಿ ಐಲೆನ್‌ಬುರ್ಗ್ ಎಂಬ ಕೋಟೆಯೂರಿದೆ. ೧೫೮೬ರಲ್ಲಿ ಅಲ್ಲಿಯೇ ಹುಟ್ಟಿ, ಲೈಪ್‌ಜಿಗ್ಗಿನಲ್ಲಿ ಓದಿ, ಮುಪ್ಪತ್ತು ವರ್ಷಗಳ ಯುದ್ಧ ತೊಡಗಿದ ಕಾಲಕ್ಕೆ ತನ್ನೂರಿಗೇ ಪಾದ್ರಿಯಾಗಿ ಬಂದವನು ಈ ರಿಂಕಾರ್ಟ್. ಯುದ್ಧ ೧೬೧೮ರಿಂದ ೧೬೪೮ರವರೆಗೆ ನಡೆಯಿತು. ಎಂದರೆ ಅವನ ಸೇವಾಕಾಲವೆಲ್ಲ ಹೆಚ್ಚುಕಡಿಮೆ ಯುದ್ಧಕಾಲವೇ. ಗೋಡೆಯುಳ್ಳ ಊರಾದ್ದರಿಂದ ಸುತ್ತಲ ಹಳ್ಳಿಗಳ ಜನ ಪ್ರಾಣವುಳಿಸಿಕೊಳ್ಳಲು ಅಲ್ಲಿಗೆ ಬಂದು ತುಂಬಿದರು. ಜನ ತುಂಬಿದಲ್ಲಿ ರೋಗ ತುಂಬಿತು. ೧೬೩೭ರಲ್ಲಿ ಮಹಾಮಾರಿ ಎರಗಿತು. ಉಳಿದ ಪಾದ್ರಿಗಳು ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ರಿಂಕಾರ್ಟನೊಬ್ಬನೇ ಉಳಿದನು. ಕೆಲವು ದಿನ ನಲವತ್ತು ಐವತ್ತು ಹೆಣಗಳಿಗೆ ಅವನು ಸಂಸ್ಕಾರದ ಮಾತು ಹೇಳಬೇಕಾಯಿತು. ಆ ಒಂದು ವರ್ಷದಲ್ಲಿ ಅವನು ಮಣ್ಣುಮಾಡಿಸಿದವರು ೪೦೦೦ಕ್ಕೂ ಹೆಚ್ಚು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಮಾರಿಯ ಹಿಂದೆ ಬರ ಬಂತು. ಬರದ ಹಿಂದೆ ಸ್ವೀಡನ್ನಿನ ಸೈನ್ಯ ಬಂದು ೩೦,೦೦೦ ಥಾಲರ್ ನಾಣ್ಯಗಳ ಕಪ್ಪ ಕೇಳಿತು. ಕೈಮುಗಿದು ಬೇಡಿಕೊಂಡುದು ಫಲಿಸದಿರಲು ಅವನು ಜನರನ್ನು ದೇವಾಲಯಕ್ಕೆ ಕರೆದು ಮೊಣಕಾಲೂರಿ ಪ್ರಾರ್ಥಿಸಿದನೆಂದೂ ಕಪ್ಪ ೨,೦೦೦ಕ್ಕೆ ಇಳಿಯಿತೆಂದೂ ವೃತ್ತಾಂತವಿದೆ. ಯುದ್ಧ ಮುಗಿದ ಮರುವರ್ಷ, ೧೬೪೯ರಲ್ಲಿ, ಅವನು ತೀರಿಕೊಂಡನು.

ಈ ರಿಂಕಾರ್ಟನೇ ‘ನುನ್ ದಾಂಕೆಟ್ ಆಲೆ ಗಾಟ್’ ಎಂಬ ಜಗತ್ಪ್ರಸಿದ್ಧ ಸ್ತೋತ್ರವನ್ನು ಬರೆದವನು. ಮೂರೇ ನುಡಿಗಳ ಆ ಹಾಡಿನಲ್ಲಿ ಆದ್ಯಂತವಾಗಿ ಇರುವುದು ಕೃತಜ್ಞತೆ. ಹೆಣಗಳ ರಾಶಿಯ ನಡುವೆ ನಿಂತು ಅವನು ಈ ಹಾಡು ಕಟ್ಟಿದನೆಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದುಂಟು. ಕಥೆ ಮನಕರಗಿಸುವಂಥದು, ಆದರೆ ಕಾಲ ಹೊಂದುವುದಿಲ್ಲ. ಹಾಡು ೧೬೩೦ರ ಸುಮಾರಿಗೆ ರಚಿತವಾಗಿ ೧೬೩೬ರಲ್ಲಿ ಅಚ್ಚಾಯಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮಾರಿ ಬಂದುದು ಅದರ ಮರುವರ್ಷ. ಅಲ್ಲದೆ ಅದು ಮೂಲದಲ್ಲಿ ಊಟದ ಹೊತ್ತಿನ ಚಿಕ್ಕ ಪ್ರಾರ್ಥನೆ. ಮೇಜಿನ ಸುತ್ತ ಕುಳಿತ ಮನೆಮಂದಿಯ ಬಾಯಲ್ಲಿ ದಿನವೂ ಬರಲೆಂದು ಮಾಡಿದುದು.

ಇದನ್ನು ತಿಳಿದಾಗ ಕೆಲವರಿಗೆ ನಿರಾಶೆಯಾಗಬಹುದು. ನನಗಾದರೋ ವೃತ್ತಾಂತದ ಬೆಲೆ ಇದರಿಂದ ಹೆಚ್ಚಿತು. ದುಃಖದ ಶಿಖರದಲ್ಲಿ ಸ್ಫೂರ್ತಿ ಬಂದು ಹಾಡು ಹುಟ್ಟಿತೆಂದರೆ ಅದು ಮಹಾಪುರುಷನೊಬ್ಬನ ಪವಾಡವಾಗಿ ನಮ್ಮಿಂದ ದೂರ ನಿಲ್ಲುತ್ತದೆ. ಆದರೆ ಅನ್ನದ ತಟ್ಟೆಯ ಮುಂದೆ ದಿನಾಲೂ ಹೇಳುತ್ತಿದ್ದುದನ್ನು, ಹೆಂಡತಿ ಇಲ್ಲದ ಮನೆಯಲ್ಲಿ, ಬರದ ಕಾಲದ ಅರೆತುಂಬಿದ ತಟ್ಟೆಯ ಮುಂದೆ ಮತ್ತೆ ಹೇಳಬೇಕಾಗಿ ಬಂದ ಮನುಷ್ಯನನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಆ ಮೊದಲ ರಾತ್ರಿ ಅವನು ಹೇಳಿದನೇ, ಗಂಟಲು ಕಟ್ಟಿತೇ, ಯಾರು ಬಲ್ಲರು? ಹಾಡು ಮಾತ್ರ ಅವನಿಗಾಗಿ ಮೊದಲೇ ಸಿದ್ಧವಾಗಿತ್ತು. ಅಂದು ಹೊಸದಾಗಿ ಹುಡುಕುವ ಕಷ್ಟವಿರಲಿಲ್ಲ. ಅಭ್ಯಾಸವೆಂಬುದನ್ನು ನಾವು ಯಾಂತ್ರಿಕವೆಂದು ಹಳಿಯುತ್ತೇವೆ. ಹಳಿಯುವುದು ಸುಖದ ದಿನಗಳಲ್ಲಿ ಸುಲಭ. ಕಾಲು ಸೋತವನಿಗೆ ಊರುಗೋಲು ಯಂತ್ರವೆಂದು ಹೇಳಿ ಫಲವೇನು?

ಇಲ್ಲಿ ಬುದ್ಧಿವಂತರ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ದೇವರು ಪೂರ್ಣನಾದರೆ ಅವನಿಗೆ ನಮ್ಮ ಹೊಗಳಿಕೆ ಏಕೆ? ಹೊಗಳಿಸಿಕೊಳ್ಳಲು ಹಾತೊರೆಯುವ ಅರಸನಂತೆ ಅವನೂ ಇದ್ದಾನೆಯೇ? ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಈ ಪ್ರಶ್ನೆಯನ್ನೆತ್ತಿ, ಬಾಯಿಂದ ಮಾಡುವ ಸ್ತುತಿ ದೇವರಿಗೆ ಏನನ್ನೋ ತಿಳಿಸುವುದಕ್ಕಲ್ಲ, ಸ್ತುತಿಸುವವನ ಮತ್ತು ಕೇಳುವವರ ಹೃದಯವನ್ನು ಅವನ ಕಡೆಗೆ ತಿರುಗಿಸುವುದಕ್ಕೆ ಎಂದು ಸಮಾಧಾನ ಹೇಳಿದನು. ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸನಿಗೂ ಇದೇ ಮುಳ್ಳು ಚುಚ್ಚಿತ್ತು. ಕೀರ್ತನೆಗಳ ಮೇಲೆ ೧೯೫೮ರಲ್ಲಿ ಬರೆದ ಪುಸ್ತಕದಲ್ಲಿ ಆತನು, ಮೆಚ್ಚಿದುದನ್ನು ಮನುಷ್ಯ ಹೊಗಳದೆ ಇರಲಾರನು, ಹೊಗಳಿದಾಗಲೇ ಆ ಮೆಚ್ಚುಗೆ ಪೂರ್ಣವಾಗುವುದು ಎಂಬ ಅರ್ಥದ ಮಾತು ಹೇಳಿದ್ದಾನೆ. ಬಹಳ ಚೆಲುವಾದ ವಿವರಣೆ. ಆದರೆ ಅದು ಸಂತೋಷದ ಸ್ತುತಿಗೆ ಹೊಂದುವ ವಿವರಣೆ. ಎರಡು ವರ್ಷಗಳಲ್ಲಿ, ೧೯೬೦ರ ಜುಲೈಯಲ್ಲಿ, ಆತನ ಹೆಂಡತಿ ಅರ್ಬುದರೋಗದಿಂದ ತೀರಿಕೊಂಡಳು. ಆಗ ಬರೆದುಕೊಂಡ ಟಿಪ್ಪಣಿಗಳನ್ನು ಆತನು ತನ್ನ ಹೆಸರು ಮರೆಸಿ ೧೯೬೧ರಲ್ಲಿ ಪ್ರಕಟಿಸಿದನು. ದೇವರ ಬಾಗಿಲು ತಟ್ಟಿದರೆ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿತೆಂಬ ಧಾಟಿಯ ಮಾತುಗಳು ಅದರಲ್ಲಿವೆ. ದೇವರನ್ನು ಕ್ರೂರಿಯೆಂದು ಶಂಕಿಸುವವರೆಗೂ ಆತನು ಹೋಗಿಬಿಡುತ್ತಾನೆ. ಪುಸ್ತಕದ ಕೊನೆಯ ಭಾಗದಲ್ಲಿ, ಹೆಂಡತಿಯನ್ನು ಕೊಡುಗೆಯೆಂದೂ ದೇವರನ್ನು ಕೊಟ್ಟವನೆಂದೂ ಹೊಗಳುವುದೊಂದು ತನಗೆ ಉಳಿದಿದೆಯೆಂದು ನಿಧಾನವಾಗಿ ಕಂಡುಕೊಳ್ಳುತ್ತಾನೆ. ಮೊದಲ ಪುಸ್ತಕ ಬರೆದವನು ವಿದ್ವಾಂಸ, ಎರಡನೆಯದನ್ನು ಬರೆದವನು ಗಾಯಗೊಂಡವನು. ನನ್ನ ಮಟ್ಟಿಗೆ ಎರಡನೆಯವನ ಸಾಕ್ಷಿಯೇ ಹೆಚ್ಚಿನದು.

ಇಷ್ಟೆಲ್ಲ ಹೇಳಿ ಇದರ ಇನ್ನೊಂದು ಮಗ್ಗುಲನ್ನು ಮರೆಮಾಚಿದರೆ ಅದು ಅಪ್ರಾಮಾಣಿಕತೆ. ರಿಂಕಾರ್ಟನ ಅದೇ ಹಾಡನ್ನು ೧೭೫೭ರ ಡಿಸೆಂಬರ್ ೫ರಂದು ಲಾಯ್ಟೆನ್ ಯುದ್ಧ ಗೆದ್ದ ಪ್ರಷ್ಯದ ಸೈನಿಕರು ರಣರಂಗದಲ್ಲಿಯೇ ಹಾಡಿದರೆಂದು ಪ್ರಸಿದ್ಧಿಯಿದೆ. ಸುತ್ತಲೂ ಚಳಿಯಲ್ಲಿ ಎರಡೂ ಪಕ್ಷದ ಸಾವಿರಾರು ಮಂದಿ ಸತ್ತೂ ಸಾಯುತ್ತಲೂ ಬಿದ್ದಿದ್ದಾಗ ಗೆದ್ದವರು ದೇವರಿಗೆ ಕೃತಜ್ಞತೆ ಹೇಳುವುದೆಂದರೆ ಏನು? ಮಾರಿಯೂರಿನ ಪಾದ್ರಿಯ ಊಟದ ಹಾಡು ಅಲ್ಲಿ ವಿಜಯದ ಕಹಳೆಯಾಗಿಹೋಯಿತು. ೧೯೫೫ರ ಅಕ್ಟೋಬರಿನಲ್ಲಿ, ಎರಡನೆಯ ಮಹಾಯುದ್ಧದ ಕೊನೆಯ ಸೆರೆಯಾಳುಗಳು ರಷ್ಯದಿಂದ ಫ್ರೀಡ್‌ಲಾಂಡಿನ ಶಿಬಿರಕ್ಕೆ ಮರಳಿದಾಗಲೂ ಇದೇ ಹಾಡು. ಹತ್ತು ವರ್ಷ ಕಾದು ಸೊರಗಿದ ತಾಯಂದಿರು, ಹೆಂಡಿರು ಅಲ್ಲಿ ನಿಂತಿದ್ದರು. ಬಂದವರಿಗಾಗಿ ನಿಂತವರೂ ಇದ್ದರು, ಬಾರದವರ ಸುದ್ದಿ ಕೇಳಲು ಭಾವಚಿತ್ರ ಹಿಡಿದು ನಿಂತವರೂ ಇದ್ದರು. ಒಂದೇ ಹಾಡು ಹಾಡುವ ಬಾಯಿಗೆ ತಕ್ಕಂತೆ ಬೇರೆ ಬೇರೆಯಾಗುತ್ತದೆ.

ಇದಕ್ಕಿಂತ ಕೆಟ್ಟುದೊಂದಿದೆ. ದೇವರನ್ನು ಸ್ತುತಿಸು, ದೂರಬೇಡ ಎಂದು ಬಲವಂತನು ದುರ್ಬಲನಿಗೆ ಹೇಳುವುದು. ಕೆರಿಬಿಯನ್ ದ್ವೀಪಗಳ ಗುಲಾಮರಿಗೆ ಕೊಡಲೆಂದು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚುಮಾಡಿದ ಬೈಬಲಿನಲ್ಲಿ, ಇಸ್ರೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಪಡೆದ ಕಥೆಯನ್ನೇ ಕಿತ್ತುಹಾಕಿದ್ದರು! ವಿಧೇಯತೆ ಇರಲಿ, ಬಿಡುಗಡೆಯ ಆಸೆ ಬೇಡ ಎಂಬುದು ಅದರ ಇಂಗಿತ. ಆದರೂ ಅದೇ ಶತಮಾನದಲ್ಲಿ ಅಮೆರಿಕದ ದಕ್ಷಿಣ ಕೆರೊಲಿನ ತೀರದ ಸೇಂಟ್ ಹೆಲೆನಾ ದ್ವೀಪದಲ್ಲಿ ಗುಲಾಮರು ತಮ್ಮದೇ ಆದ ಪುಟ್ಟ ಮರದ ಗುಡಿಸಲುಗಳಲ್ಲಿ ರಾತ್ರಿ ಕೂಡಿ, ಸುತ್ತು ತಿರುಗುತ್ತ, ಕಾಲಿನಿಂದ ನೆಲ ಬಡಿದು ತಾಳಹಾಕುತ್ತ ಹಾಡುತ್ತಿದ್ದರು. ಆ ಗುಡಿಸಲುಗಳಿಗೆ ಅವರಿಟ್ಟ ಹೆಸರು ಸ್ತುತಿಮನೆ. ಕೆಲವು ಇಂದಿಗೂ ಉಳಿದಿವೆ. ಒಡೆಯನು ಹೇಳಿಸಿದ ಸ್ತುತಿಗೂ ಆ ಗುಡಿಸಲಿನ ಸ್ತುತಿಗೂ ಶಬ್ದದಲ್ಲಿ ಭೇದವಿಲ್ಲದಿರಬಹುದು. ಒಂದು ಹೇರಿದುದು, ಇನ್ನೊಂದು ಹಗಲೆಲ್ಲ ದುಡಿದು ದಣಿದ ದೇಹ ತಾನಾಗಿ ಎತ್ತಿದುದು.

ನಮ್ಮ ಕಾಲಕ್ಕೆ ಸಮೀಪದಲ್ಲಿ, ೧೯೭೦ರಲ್ಲಿ, ಮರ್ಲಿನ್ ಕರಾದರ್ಸ್ ಎಂಬ ಅಮೆರಿಕದ ಸೇನಾಪಾದ್ರಿಯೊಬ್ಬನು ಒಂದು ಪುಸ್ತಕ ಬರೆದನು. ಬಂದುದೆಲ್ಲಕ್ಕಾಗಿ, ಕೇಡಿಗಾಗಿಯೂ, ದೇವರನ್ನು ಸ್ತುತಿಸಬೇಕೆಂದು ಅದರ ಬೋಧೆ. ಪುಸ್ತಕ ಲಕ್ಷಾಂತರವಾಗಿ ಖರ್ಚಾಯಿತು. ಪೌಲನ ಪತ್ರಗಳಲ್ಲಿ ಇದಕ್ಕೆ ಆಧಾರವುಂಟೆಂದು ಕೆಲವರು, ಇಲ್ಲವೆಂದು ಕೆಲವರು. ಥೆಸಲೊನೀಕದವರಿಗೆ ಬರೆದ ಪತ್ರದಲ್ಲಿ ಎಲ್ಲ ಸ್ಥಿತಿಯಲ್ಲಿಯೂ ಕೃತಜ್ಞರಾಗಿರಿ ಎಂಬ ಭಾವವಿದೆ. ಎಫೆಸದವರಿಗೆ ಬರೆದುದರಲ್ಲಿ ಎಲ್ಲದಕ್ಕಾಗಿಯೂ ಎಂಬ ಭಾವವಿದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಛಡಿಯೇಟು ತಿಂದು, ಕಾಲಿಗೆ ಕೋಳ ಬಿದ್ದಿದ್ದಾಗ ಪೌಲನೂ ಸೀಲನೂ ನಡುರಾತ್ರಿಯಲ್ಲಿ ಹಾಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಆದರೆ ಮರುದಿನ ಅಧಿಕಾರಿಗಳು ಅವರನ್ನು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಪೌಲನು ಒಪ್ಪಲಿಲ್ಲ. ವಿಚಾರಣೆಯಿಲ್ಲದೆ ರೋಮಿನ ಪ್ರಜೆಗಳನ್ನು ಹೊಡೆಸಿದಿರಿ, ನೀವೇ ಬಂದು ಹೊರಗೆ ಕರೆದುಕೊಂಡು ಹೋಗಿರಿ ಎಂದು ಹಟಹಿಡಿದನು. ಅವರು ಬಂದು ಬೇಡಿಕೊಳ್ಳಬೇಕಾಯಿತು. ಏಟಿಗಾಗಿ ಅವನು ಹಾಡಲಿಲ್ಲ. ಏಟು ತಿಂದೂ ಹಾಡಿದನು, ಏಟು ಅನ್ಯಾಯವೆಂದೂ ಹೇಳಿದನು. ಕೇಡನ್ನೇ ಕೊಂಡಾಡಬೇಕೆಂಬ ಬೋಧೆಯನ್ನು ನಾನು ಒಪ್ಪಲಾರೆ. ಸತ್ತ ಮಗನಿಗಾಗಿ ದೇವರಿಗೆ ವಂದನೆ ಹೇಳೆಂದು ತಾಯಿಗೆ ಬೋಧಿಸುವವನು ಯೋಬನ ಗೆಳೆಯರ ಪಂಕ್ತಿಗೆ ಸೇರಿದವನು.

ಹಿಟ್ಲರನ ಸೆರೆಯಲ್ಲಿ ಎರಡು ವರ್ಷ ಕಳೆದು ೧೯೪೫ರ ಏಪ್ರಿಲ್ ೯ರಂದು ಗಲ್ಲಿಗೇರಿದ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ದಿನವೂ ಕೀರ್ತನೆಗಳನ್ನು ಓದುತ್ತಿದ್ದನು, ಹಳೆಯ ಸ್ತೋತ್ರಗಳನ್ನು ನೆನೆದುಕೊಳ್ಳುತ್ತಿದ್ದನು. ಅವನು ೧೯೪೩ರ ಕ್ರಿಸ್ಮಸ್ಸಿನ ಹೊತ್ತಿಗೆ ಬರೆದ ಪತ್ರವೊಂದರಲ್ಲಿ, ಪ್ರಿಯರಾದವರು ಬಿಟ್ಟುಹೋದ ಜಾಗವನ್ನು ದೇವರು ತುಂಬುತ್ತಾನೆಂದು ಹೇಳುವುದು ಸರಿಯಲ್ಲ, ಅದನ್ನು ಬರಿದಾಗಿಯೇ ಕಾಪಾಡುತ್ತಾನೆ ಎಂಬ ಅಭಿಪ್ರಾಯ ಬರುತ್ತದೆ. ನಿತ್ಯವೂ ಸ್ತುತಿಸುತ್ತಿದ್ದವನು ಆಡಿದ ಮಾತಿದು. ಸ್ತುತಿಯಿಂದ ದುಃಖ ಹೋಯಿತೆಂದು ಅವನು ಎಲ್ಲಿಯೂ ಹೇಳಿಕೊಳ್ಳಲಿಲ್ಲ.

ನರ್ಸಬಾಯಿಯವರ ರಾಗದ ಮಾತು ಉಳಿಯಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ ಬಂದರು. ಅವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೊಗ್ಲಿಂಗ್, ೧೮೯೪ರಲ್ಲಿ ನಿಘಂಟನ್ನು ಮುಗಿಸಿದ ಕಿಟ್ಟೆಲ್, ಬಸವಪುರಾಣವನ್ನು ಇಂಗ್ಲಿಷಿಗೆ ತಂದ ವುರ್ತ್ ಇವರೆಲ್ಲ ಆ ಬಳಗದವರೇ. ಅವರು ತಮ್ಮ ನಾಡಿನ ಸ್ತೋತ್ರಗಳ ಧಾಟಿಗಳನ್ನೂ ಹೊತ್ತು ತಂದರು, ಕನ್ನಡದ ನುಡಿಗಳನ್ನು ಅವಕ್ಕೆ ಕೂಡಿಸಿದರು. ರಿಂಕಾರ್ಟನ ಹಾಡಿಗೆ ಯೋಹಾನ್ ಕ್ರೂಗರನ ೧೬೪೭ರ ಸಂಗ್ರಹದಲ್ಲಿ ದೊರೆತ ಧಾಟಿಯನ್ನು ನಾನು ಬಹಳ ವರ್ಷಗಳ ಮೇಲೆ ಆಕಾಶವಾಣಿಯಲ್ಲಿ ಒಮ್ಮೆ ಕೇಳಿ ಬೆರಗಾದೆನು. ನಮ್ಮ ಗೋಡೆಯಾಚೆಯಿಂದ ದಿನವೂ ಬರುತ್ತಿದ್ದ ಆ ಮೆಟ್ಟಿಲು ಮೆಟ್ಟಿಲಿನ ರಾಗ ಅದೇ ಆಗಿತ್ತು.

೨೦೦೯ರಲ್ಲಿ ನನ್ನ ಧರ್ಮಪತ್ನಿ ಲಿಂಗೈಕ್ಯಳಾದಳು. ಅನಂತರ ಹನ್ನೊಂದು ತಿಂಗಳು ನಾನು ಪೂಜೆಗೆ ಕೂಡ್ರಲಿಲ್ಲ. ಬೇಕೆಂದು ಬಿಟ್ಟುದಲ್ಲ, ಮೊದಲ ದಿನ ಕೂಡ್ರಲಾಗಲಿಲ್ಲ, ಎರಡನೆಯ ದಿನ ಮೊದಲ ದಿನದ ನೆನಪಾಯಿತು, ಹೀಗೆಯೇ ದಿನ ಕಳೆದವು. ಬಂಧುಗಳು ಬಂದು ಬುದ್ಧಿ ಹೇಳಿದರು. ಕೆಲವರು ಗದರಿಸಿದರು. ನರ್ಸಬಾಯಿಯವರು ಏನೂ ಹೇಳಲಿಲ್ಲ. ಆಗ ಅವರಿಗೆ ಎಂಬತ್ತರ ಸಮೀಪ. ವಾರಕ್ಕೊಮ್ಮೆ ಕೋಲೂರಿಕೊಂಡು ಬಂದು ಒಂದು ಡಬ್ಬಿಯಲ್ಲಿ ಮಜ್ಜಿಗೆಸಾರು ಇಟ್ಟು, "ಉಣ್ರಿ ಮಾಸ್ತರ್ರ" ಎಂದು ಹೋಗುತ್ತಿದ್ದರು. ದೀಪದ ಹೊತ್ತಿಗೆ ತಮ್ಮ ಪಡಸಾಲೆಯಲ್ಲಿ ಹಾಡುತ್ತಿದ್ದರು. ನಮ್ಮ ಮನೆಯ ಕಡೆಗಿದ್ದ ಕಿಡಕಿಯನ್ನು ಅವರು ಮುಚ್ಚುತ್ತಲೂ ಇರಲಿಲ್ಲ, ನನಗೆ ಕೇಳಲೆಂದು ದನಿ ಏರಿಸುತ್ತಲೂ ಇರಲಿಲ್ಲ. ಹನ್ನೆರಡನೆಯ ತಿಂಗಳು ಒಂದು ಸಂಜೆ, ಆ ಹಾಡು ಎರಡನೆಯ ನುಡಿಗೆ ಬಂದಿದ್ದಾಗ, ನಾನು ಎದ್ದು ಕೈಕಾಲು ತೊಳೆದುಕೊಂಡು ಮಣೆ ಹಾಕಿದೆನು.